ಅನುಭವಿ ಬೀದಿ ಛಾಯಾಗ್ರಾಹಕರ ಜೊತೆ ಓಡಾಡುವಾಗ ಏನನ್ನು ಗಮನಿಸಬೇಕು?

ಹೊಸಗಣ್ಣು:
ಎರಡು ದಿನದ ಬೀದಿ ಛಾಯಾಗ್ರಹಣ ವರ್ಕ್‌ಶಾಪ್‌ಗೆ ಸೇರಿದ್ದೇನೆ. ಮೊದಲ ದಿನ ಛಾಯಾಗ್ರಾಹಕರ ಜೊತೆ ಬೀದಿಯಲ್ಲಿ ಓಡಾಟ, ಎರಡನೇ ದಿನ ಚಿತ್ರಗಳ ಆಯ್ಕೆ. ಕ್ಯಾಮೆರಾ ಎಪಿಎಸ್-ಸಿ (35 ಎಂಎಂ ಫಿಲ್ಮಿಗಿಂತ ಚಿಕ್ಕ ಸೆನ್ಸರ್‌ನದು), ಲೆನ್ಸ್ 23 ಎಂಎಂ. ಎಕ್ಸ್‌ಪೋಷರ್ ಅರ್ಥವಾಗುತ್ತದೆ, ತೊಂದರೆ ಬೇರೆ ಕಡೆ ಇದೆ. ಫೋಕಸ್ ಮನುಷ್ಯನನ್ನು ಬಿಟ್ಟು ಹಿಂದಿನ ಗೋಡೆಗೆ ಹೋಗುತ್ತದೆ. ಫ್ರೇಮ್ ತುಂಬ ಜನ ಸೇರಿ ಯಾರನ್ನು ನೋಡಬೇಕೆಂದೇ ತಿಳಿಯುವುದಿಲ್ಲ. ಹತ್ತಿರ ಹೋಗಲು ಧೈರ್ಯ ಸಾಲದು. ವರ್ಷಗಟ್ಟಲೆ ಇದೇ ಕೆಲಸ ಮಾಡಿದವರು ಪಕ್ಕದಲ್ಲಿರುವಾಗ ಏನು ನೋಡಬೇಕು, ಏನು ಕೇಳಬೇಕು?

ನೆರಳುಬೆಳಕು:
ಫೋಕಸ್ ಸಮಸ್ಯೆಯನ್ನು ವರ್ಕ್‌ಶಾಪ್‌ಗೆ ಮುಂಚೆಯೇ ಮುಗಿಸಿಕೊಳ್ಳಿ. ಅದನ್ನು ಕಲಿಯಲು ಗುರು ಬೇಕಿಲ್ಲ, ಅಳತೆ ಟೇಪ್ ಸಾಕು.

ಮ್ಯಾನುವಲ್ ಫೋಕಸ್‌ಗೆ ಹೋಗಿ, ದೂರ 2.5 ಮೀಟರ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 8; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು. ನಿಮ್ಮ 23 ಎಂಎಂ ಲೆನ್ಸಿನಲ್ಲಿ ಆಗ ಸುಮಾರು 1.4 ಮೀಟರಿನಿಂದ 10 ಮೀಟರಿನವರೆಗೆ ಎಲ್ಲವೂ ಸಾಕಷ್ಟು ಚೂಪಾಗಿರುತ್ತದೆ. ಎಫ್ 5.6 ಮಾಡಿದರೆ ಅದು 1.6ರಿಂದ 5.3 ಮೀಟರಿಗೆ ಇಳಿಯುತ್ತದೆ. ಆಟೊಫೋಕಸ್ ಗೋಡೆಗೆ ಹೋಗುವುದಕ್ಕೆ ಕಾರಣ ಸರಳ: ನಡುವಿನ ಬಿಂದು ಇಬ್ಬರ ಮಧ್ಯದ ಸಂದಿಯಲ್ಲಿ ತೂರಿಹೋಗುತ್ತದೆ. ದೂರ ಮೊದಲೇ ಗೊತ್ತುಮಾಡಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ.

ಈಗ ಕಣ್ಣಿಗೆ 2.5 ಮೀಟರ್ ಅಂದಾಜು ಬರಬೇಕು. ಕ್ಯಾಮೆರಾ ಅಡ್ಡ ಹಿಡಿದಾಗ ಸುಮಾರು 1.7 ಮೀಟರ್ ಎತ್ತರದ ವ್ಯಕ್ತಿ ತಲೆಯಿಂದ ಪಾದದವರೆಗೆ ಫ್ರೇಮಿಗೆ ಸರಿಯಾಗಿ ಹಿಡಿಸಿದರೆ ನೀವು 2.5 ಮೀಟರಿನಲ್ಲಿದ್ದೀರಿ. ಮೊಣಕಾಲಿನ ಕೆಳಗೆ ಕತ್ತರಿಸಿದಂತೆ ಕಂಡರೆ 1.8 ಮೀಟರ್ ಆಸುಪಾಸು. ಸೊಂಟದಿಂದ ಮೇಲಷ್ಟೇ ಕಂಡರೆ ಫೋಕಸ್ ಗಡಿಯ ಒಳಗೆ ಬಂದುಬಿಟ್ಟಿದ್ದೀರಿ, ಮುಖ ಮಸುಕಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಈಗಿನ ಬಹಳಷ್ಟು ಲೆನ್ಸುಗಳ ಫೋಕಸ್ ರಿಂಗ್ ಮೋಟಾರಿಗೆ ಸೂಚನೆ ಕೊಡುತ್ತದೆಯೇ ಹೊರತು ಗಾಜನ್ನು ನೇರವಾಗಿ ತಿರುಗಿಸುವುದಿಲ್ಲ. ಕೆಲವು ಕ್ಯಾಮೆರಾಗಳು ನಿದ್ದೆಗೆ ಹೋಗಿ ಎದ್ದಾಗ ಇಟ್ಟ ದೂರವನ್ನು ಮರೆಯುತ್ತವೆ. ಅರ್ಧ ದಿನದ ಚಿತ್ರಗಳೆಲ್ಲ ಮಸುಕಾಗಿ ಬಂದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಪ್ರತಿ ಸಲ ಆನ್ ಮಾಡಿದಾಗ ಕ್ಯಾಮೆರಾ ತೋರಿಸುವ ಫೋಕಸ್ ದೂರ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಶಟರ್ 1/500 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಆಟೊ, ಮಿತಿ 6400. ಸಾಮಾನ್ಯ ನಡಿಗೆ ಸೆಕೆಂಡಿಗೆ ಸುಮಾರು 1.4 ಮೀಟರ್. 1/60ರಲ್ಲಿ ಮನುಷ್ಯ ಎರಡು ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತಾನೆ, 1/500ರಲ್ಲಿ ಮೂರು ಮಿಲಿಮೀಟರಿಗಿಂತ ಕಡಿಮೆ. ಬೀಸುವ ಕೈ, ಎತ್ತಿಡುವ ಪಾದ ಇನ್ನೂ ವೇಗ, ಆದ್ದರಿಂದ 1/250 ನನ್ನ ಮಟ್ಟಿಗೆ ಕೊನೆಯ ಗಡಿ. ಬಿಸಿಲು ನೆರಳು ಬೆರೆತ ಕಡೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರವನ್ನು ಬೇಕೆಂದೇ ಕತ್ತಲೆಗೋ ಬೆಳಕಿಗೋ ಸರಿಸುವ ಹೊಂದಿಕೆ) ಮೈನಸ್ 1ಕ್ಕೆ ಇಳಿಸಿ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ನೆರಳನ್ನು ಬೆಳಗಿಸಲು ಹೋಗಿ ಬಿಸಿಲಲ್ಲಿರುವ ಮುಖವನ್ನು ಬರೀ ಬಿಳಿಯಾಗಿ ಸುಟ್ಟುಹಾಕುತ್ತದೆ, ಸುಟ್ಟ ಭಾಗ ಮತ್ತೆ ಸಿಗುವುದಿಲ್ಲ.

ಕಾಂಟ್ಯಾಕ್ಟ್ ಶೀಟ್:
ಮೇಲಿನವರು ಹೇಳಿದ್ದನ್ನು ಮಾಡಿಕೊಂಡು ಹೋದರೆ ನಿಮ್ಮ ಕಣ್ಣಿಗೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಛಾಯಾಗ್ರಾಹಕರ ಕ್ಯಾಮೆರಾ ನೋಡಬೇಡಿ, ಅವರ ಕಾಲು ನೋಡಿ.

ಎಲ್ಲಿ ನಿಂತರು? ನಿಂತ ಮೇಲೆ ಎಷ್ಟು ಸರಿದರು? ಫ್ರೇಮಿನಲ್ಲಿ ಜನ ಒಬ್ಬರ ಮೇಲೊಬ್ಬರು ಅಂಟಿಕೊಂಡಂತೆ ಕಾಣುವುದಕ್ಕೆ ಬಹುತೇಕ ಪರಿಹಾರ ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಇರುತ್ತದೆ. ತಲೆಯ ಹಿಂದೆ ಕಂಬ, ಒಬ್ಬನ ಭುಜದಿಂದ ಇನ್ನೊಬ್ಬನ ಮುಖ ಹುಟ್ಟಿದಂತೆ ಕಾಣುವುದು, ಕಪ್ಪು ಕೂದಲು ಕಪ್ಪು ಬಾಗಿಲಲ್ಲಿ ಕರಗುವುದು, ಇವೆಲ್ಲ ನಿಂತ ಜಾಗದ ತಪ್ಪುಗಳು. ಲೆನ್ಸ್ ಬದಲಿಸಿದರೆ ಹೋಗುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿದರೆ ಹತ್ತಿರದವರ ತಲೆ ಹಿಂದಿನ ಗುಂಪಿಗಿಂತ ಮೇಲೇರಿ ಆಕಾಶಕ್ಕೋ ಖಾಲಿ ಗೋಡೆಗೋ ಬರುತ್ತದೆ. ಅಭ್ಯಾಸವಾದವರು ಇದನ್ನು ತಿಳಿಯದೆಯೇ ಮಾಡುತ್ತಾರೆ. ಕೇಳಿದರೆ ಹೇಳಲು ಅವರಿಗೆ ತೋಚದಿರಬಹುದು, ಹಾಗಾಗಿ ನೋಡಿಯೇ ಕಲಿಯಬೇಕು. 1962ರಲ್ಲಿ ಅಮೆರಿಕದ ಬೀದಿ ಛಾಯಾಗ್ರಾಹಕ ಜೋಯೆಲ್ ಮೆಯೆರೊವಿಟ್ಜ್ ಕಲಾ ನಿರ್ದೇಶಕನ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದದ್ದೇ ಹೆಸರಾಂತ ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ ಚಿತ್ರ ತೆಗೆಯುವಾಗ ಹೇಗೆ ಚಲಿಸುತ್ತಾರೆ ಎಂಬುದನ್ನು ಕಣ್ಣಾರೆ ಕಂಡು.

ಇನ್ನೊಂದು, ಎಣಿಸಿ. ಒಂದೇ ಜಾಗದಲ್ಲಿ ಎಷ್ಟು ಕ್ಲಿಕ್, ಎಷ್ಟು ನಿಮಿಷ, ಯಾವಾಗ ಬಿಟ್ಟು ಹೊರಟರು? ಹೊಸಬರು ಒಂದು ತೆಗೆದು ಪರದೆ ನೋಡುತ್ತಾರೆ. ಆ ಎರಡು ಸೆಕೆಂಡಿನಲ್ಲೇ ಬೇಕಾದದ್ದು ನಡೆದುಹೋಗಿರುತ್ತದೆ. ಪರದೆಯ ರಿವ್ಯೂ ಆಫ್ ಮಾಡಿಬಿಡಿ. ಎಷ್ಟೋ ಜನ ಮೊದಲು ಬೆಳಕಿನ ತುಂಡೊಂದನ್ನು, ಹಿನ್ನೆಲೆಯೊಂದನ್ನು ಆರಿಸಿ, ಅದರೊಳಗೆ ಯಾರಾದರೂ ಕಾಲಿಡಲಿ ಎಂದು ಕಾಯುತ್ತಾರೆ. ಹಿನ್ನೆಲೆ ಮೊದಲೇ ಶುದ್ಧವಾಗಿರುವುದರಿಂದ ಬಂದವನನ್ನು ಮಾತ್ರ ನೋಡಿದರೆ ಸಾಕು. ನಿಮ್ಮ ಎರಡನೇ ಸಮಸ್ಯೆಗೆ ಇಷ್ಟು ನೇರವಾದ ಮದ್ದು ಇನ್ನೊಂದಿಲ್ಲ.

ಎರಡನೇ ದಿನ ಅವರ ಒಳ್ಳೆಯ ಚಿತ್ರಗಳನ್ನು ನೋಡುವುದರಲ್ಲೇ ಸಮಯ ಕಳೆಯಬೇಡಿ. ಅವು ಎಲ್ಲಾದರೂ ಸಿಗುತ್ತವೆ. "ಈ ಚಿತ್ರದ ಹಿಂದಿನ ಐದು, ಮುಂದಿನ ಐದು ಫ್ರೇಮ್ ತೋರಿಸಿ" ಎನ್ನಿ. ಬಿಟ್ಟ ಚಿತ್ರವನ್ನು ಯಾಕೆ ಬಿಟ್ಟಿರಿ ಎಂದು ಕೇಳಿ. ಅಲ್ಲಿ ಸಿಗುವ ಉತ್ತರ ಕೈ, ಪಾದ, ಅಂಚು ಇಂಥ ಸಣ್ಣ ವಿಷಯಗಳದ್ದಾಗಿರುತ್ತದೆ. ಕಸುಬು ಇರುವುದು ಅಲ್ಲೇ.

ನಿಮ್ಮವನ್ನು ಆರಿಸುವಾಗ ಮೊದಲ ಸುತ್ತು ಮೂರ್ನಾಲ್ಕು ಸೆಂಟಿಮೀಟರ್ ಅಗಲದ ಥಂಬ್‌ನೇಲ್‌ಗಳಲ್ಲಿ ನಡೆಯಲಿ. ಆ ಗಾತ್ರದಲ್ಲಿ ಆಕಾರ ನಿಂತರೆ ಮಾತ್ರ ದೊಡ್ಡದು ಮಾಡಿ. ಎರಡನೇ ಸುತ್ತಿನಲ್ಲಿ ನಾಲ್ಕು ಮೂಲೆ ನೋಡಿ. ಉಳಿದವನ್ನು ಸಣ್ಣದಾಗಿ ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ಹರಡಿ, ದಿನಾ ಓಡಾಡುತ್ತಾ ನೋಡಿ. ಮುನ್ನೂರರಲ್ಲಿ ಎರಡು ಉಳಿದರೆ ಒಳ್ಳೆಯ ದಿನ, ಒಂದೂ ಉಳಿಯದಿದ್ದರೆ ಸಾಮಾನ್ಯ ದಿನ. ತೆಗೆದ ದಿನವೇ ಆರಿಸಬೇಡಿ. ಹತ್ತಿರ ಹೋಗಲು ಪಟ್ಟ ಕಷ್ಟವನ್ನೇ ಚಿತ್ರದ ಗುಣ ಅಂದುಕೊಳ್ಳುತ್ತೀರಿ. ಅಮೆರಿಕದ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೊಗ್ರಾಂಡ್ ಇದೇ ಕಾರಣಕ್ಕೆ ಫಿಲ್ಮ್ ಡೆವಲಪ್ ಮಾಡಲು ವರ್ಷದಷ್ಟು ಕಾಯುತ್ತಿದ್ದರು. 1984ರಲ್ಲಿ ತೀರಿಕೊಂಡಾಗ ಸುಮಾರು 2,500 ರೋಲ್‌ಗಳು ಡೆವಲಪ್ ಆಗದೆ ಉಳಿದಿದ್ದವು. ಅಷ್ಟು ಬೇಡ, ಎರಡು ವಾರ ಬಿಡಿ.

ಎದುರುಬದಿ:
ದೂರ ಮೊದಲೇ ಕಟ್ಟಿಡುವ ವಿಧಾನವನ್ನು ಸಂಜೆಗೂ ಎಳೆಯಬೇಡಿ. ಬೆಳಕು ಇಳಿದು ಎಫ್ 2.8ಕ್ಕೆ ಬಂದರೆ ಅದೇ 2.5 ಮೀಟರಿನಲ್ಲಿ ಚೂಪು ಉಳಿಯುವುದು ಸುಮಾರು 2ರಿಂದ 3.4 ಮೀಟರ್ ಮಾತ್ರ. ಎದುರಿಗೆ ನಡೆದು ಬರುವವರು ಅದನ್ನು ಒಂದೇ ಸೆಕೆಂಡಿನಲ್ಲಿ ದಾಟುತ್ತಾರೆ. ಆಗ ಮುಖ ಗುರುತಿಸುವ ಆಟೊಫೋಕಸ್ಸೇ ವಾಸಿ. ಇಲ್ಲವೇ ದೀಪದ ಕೆಳಗಿನ ಒಂದು ಗೆರೆಗೆ ಫೋಕಸ್ ಇಟ್ಟು, ಪಾದ ಆ ಗೆರೆ ಮುಟ್ಟಿದಾಗ ಒತ್ತಿ.

ಎದೆಮಟ್ಟ:
ಧೈರ್ಯದ ಬಗ್ಗೆ ಯಾರೂ ಬರೆದಿಲ್ಲ. ಅದೂ ಅಭ್ಯಾಸದಿಂದ ಬರುವಂಥದ್ದೇ. ಜನರ ಗಮನ ಬೇರೆಡೆ ಇರುವ ಜಾಗದಲ್ಲಿ ಶುರುಮಾಡಿ: ಸಿಗ್ನಲ್ ದಾಟುವ ಗುಂಪು, ಮೆರವಣಿಗೆ, ಬೀದಿ ವಾದ್ಯಗಾರರ ಸುತ್ತ ನಿಂತವರು. ಐದು ಮೀಟರಿನಲ್ಲಿ ಇಪ್ಪತ್ತು ಫ್ರೇಮ್, ಆಮೇಲೆ ಮೂರು ಮೀಟರಿನಲ್ಲಿ ಇಪ್ಪತ್ತು, ಆಮೇಲೆ ಎರಡು. ಒಂದೇ ದಿನದಲ್ಲಿ ಎರಡಕ್ಕೆ ಇಳಿಯಬೇಕಿಲ್ಲ.

ಕ್ಯಾಮೆರಾ ಬಚ್ಚಿಡಬೇಡಿ. ಎದೆಯ ಮಟ್ಟದಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದು, ನಿಧಾನವಾಗಿ ಕಣ್ಣಿಗೇರಿಸಿ. ಸರಕ್ಕನೆ ಎತ್ತಿ ಸರಕ್ಕನೆ ಇಳಿಸುವುದೇ ಜನ ತಿರುಗಿ ನೋಡುವಂತೆ ಮಾಡುವುದು. ಸೊಂಟದಿಂದ ಕದ್ದು ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಫ್ರೇಮ್ ವಾಲುತ್ತದೆ, ಸಿಕ್ಕಿಬಿದ್ದರೆ ವಿವರಣೆಯೂ ಇರುವುದಿಲ್ಲ. ಯಾರಾದರೂ ಯಾಕೆ ತೆಗೆದಿರಿ ಎಂದರೆ ಇದ್ದದ್ದನ್ನು ಹೇಳಿ, ಚಿತ್ರ ತೋರಿಸಿ, ಅಳಿಸಿ ಎಂದರೆ ಅವರೆದುರೇ ಅಳಿಸಿ. ನೋವಿನಲ್ಲಿರುವವರು, ಅಮಲಿನಲ್ಲಿ ಬಿದ್ದವರು, ಒಂಟಿ ಮಕ್ಕಳು, ಇವರ ಕಡೆಗೆ ಕ್ಯಾಮೆರಾ ಎತ್ತದಿರುವುದೇ ಸರಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ತೆಗೆಯುವುದು, ಪ್ರಕಟಿಸುವುದು, ಜಾಹೀರಾತಿಗೆ ಬಳಸುವುದು, ಈ ಮೂರಕ್ಕೂ ನಿಯಮ ಒಂದೇ ಇರಬೇಕೆಂದೇನೂ ಇಲ್ಲ. ನೀವು ನಿಂತ ಜಾಗದ್ದನ್ನು ಮೊದಲೇ ಓದಿಕೊಳ್ಳಿ.

ಹೊಸಗಣ್ಣು:
ಎಲ್ಲರಿಗೂ ಧನ್ಯವಾದ. ಬಿಟ್ಟ ಫ್ರೇಮ್‌ಗಳನ್ನು ತೋರಿಸಿ ಎಂದು ಕೇಳಿದರೆ ಅವರಿಗೆ ಮುಜುಗರವಾಗದೇ?

ಕಾಂಟ್ಯಾಕ್ಟ್ ಶೀಟ್:
ಕೆಲವರಿಗೆ ಆಗುತ್ತದೆ. ಅದಕ್ಕೇ ಎರಡನೇ ದಿನ ಇದ್ದಕ್ಕಿದ್ದಂತೆ ಕೇಳಬೇಡಿ, ಆ ಹೊತ್ತಿಗೆ ಅವರ ಬಳಿ ಆರಿಸಿದ ಚಿತ್ರಗಳಷ್ಟೇ ಇರುತ್ತವೆ. ಮೊದಲ ದಿನ ಬೆಳಿಗ್ಗೆಯೇ "ಇವತ್ತಿನ ಓಡಾಟದ ನಿಮ್ಮ ಇಡೀ ಮೆಮೊರಿ ಕಾರ್ಡ್ ನಾಳೆ ತರುತ್ತೀರಾ?" ಎಂದು ಕೇಳಿಡಿ. ಅದೇ ಬೀದಿ, ಅದೇ ಗಂಟೆ, ನಿಮ್ಮ ಫ್ರೇಮ್‌ಗಳ ಪಕ್ಕದಲ್ಲಿ ಅವರವು. ಎರಡನ್ನೂ ಸಮಯದ ಪ್ರಕಾರ ಜೋಡಿಸಿ ನೋಡಿದರೆ ಅವರು ಎಲ್ಲಿ ನಿಂತರು, ನೀವು ಎಲ್ಲಿ ಹೊರಟುಬಿಟ್ಟಿರಿ ಎಂಬುದು ಒಂದೊಂದೇ ಕಾಣುತ್ತದೆ. ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಹೊರಡುವ ಮುಂಚೆ ಸರಿಹೊಂದಿಸಲು ಮರೆಯಬೇಡಿ.