ಟ್ಯಾಲಿಯಲ್ಲಿ ಬ್ಯಾಂಕ್ ಬದಲಾವಣೆ: ಹಳೆ ಲೆಡ್ಜರ್ ತಿದ್ದಬೇಕಾ, ಹೊಸದು ಮಾಡಬೇಕಾ?

ಉದ್ಯಮಬಾಗ್ ಅಕೌಂಟ್ಸ್:

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗ್‌ನ ಒಂದು ಮಷೀನ್ ಶಾಪ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬಡ್ಡಿ ಕಡಿಮೆ ಅಂತ ನಮ್ಮ ಮಾಲೀಕರು ಸಿಸಿ (ಕ್ಯಾಶ್ ಕ್ರೆಡಿಟ್, ಲಿಮಿಟ್ ಒಳಗೆ ಬೇಕಾದಾಗ ತೆಗೆಯುವ) ಸಾಲವನ್ನು ಬೇರೆ ಬ್ಯಾಂಕಿಗೆ ಟೇಕೋವರ್ ಮಾಡಿಸಿದ್ದಾರೆ. ನಮ್ಮ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್‌ನಲ್ಲಿ ಸೇಲ್ಸ್ ಬಿಲ್ಲಿನ ಕೆಳಗೆ ಇನ್ನೂ ಹಳೆ ಬ್ಯಾಂಕಿನ ನಂಬರೇ ಪ್ರಿಂಟ್ ಆಗುತ್ತಿದೆ. ಹಳೆ ಬ್ಯಾಂಕಿನ ಲೆಡ್ಜರ್ (ಆ ಖಾತೆಯ ಲೆಕ್ಕದ ಪುಟ) ತೆರೆದು ನಂಬರ್, ಐಎಫ್‌ಎಸ್‌ಸಿ ತಿದ್ದಿಬಿಡು ಅಂತಾರೆ ಮಾಲೀಕರು. ನನಗೆ ಯಾಕೋ ಅದು ಸರಿ ಅನಿಸುತ್ತಿಲ್ಲ.

ಇನ್ನೊಂದು ಚಿಂತೆ. ಕೊಲ್ಹಾಪುರ, ಪುಣೆ, ಬೆಂಗಳೂರು ಪಾರ್ಟಿಗಳಿಂದ ಬರಬೇಕಾದ ದುಡ್ಡು ಜಾಸ್ತಿ ಇದೆ. ಕೆಲವರದು 45 ದಿನದ ಕ್ರೆಡಿಟ್, ಪುಣೆಯವರದು 90 ದಿನ. ಆ ಬಿಲ್ಲುಗಳ ಮೇಲೆಲ್ಲ ಹಳೆ ಖಾತೆ ಇದೆ. ಅವರು ಅದಕ್ಕೇ ಹಾಕಿದರೆ ಏನು ಗತಿ? ಹೀಗೆ ಬ್ಯಾಂಕ್ ಬದಲಾಯಿಸಿದವರು ದಯವಿಟ್ಟು ಹೇಳಿ.

ದಾವಣಗೆರೆ ಟ್ರೇಡರ್:

ಹಳೆಯದನ್ನು ಮುಟ್ಟಲೇಬೇಡಿ. ಅದರ ಬಿಆರ್‌ಎಸ್ (ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ಲೆಕ್ಕ ತಾಳೆ ನೋಡುವುದು) ಇನ್ನೂ ಮುಗಿದಿರಲ್ಲ, ಪಾಸಾಗದ ಚೆಕ್ಕುಗಳು ಇದ್ದೇ ಇರುತ್ತವೆ. ಒಂದೇ ಲೆಡ್ಜರ್‌ಗೆ ಎರಡು ಬ್ಯಾಂಕಿನ ಸ್ಟೇಟ್‌ಮೆಂಟ್ ಹೇಗೆ ತಾಳೆ ಹಾಕ್ತೀರಿ? ಹೊಸ ಲೆಡ್ಜರ್ ಮಾಡಿ.

ಪೀಣ್ಯ ಲೆಕ್ಕ:

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಹೊಸ ಲೆಡ್ಜರ್ ಮಾಡುವಾಗ ಗ್ರೂಪ್ ನೋಡಿ ಹಾಕಿ. ಸಿಸಿ ಅಂದರೆ ಸಾಲ. ಅದನ್ನು ‘ಬ್ಯಾಂಕ್ ಅಕೌಂಟ್ಸ್’ ಅಡಿ ಹಾಕದೆ ‘ಬ್ಯಾಂಕ್ ಓಡಿ’ (ಓವರ್‌ಡ್ರಾಫ್ಟ್) ಅಡಿ ಹಾಕಿ. ಆಗ ಬ್ಯಾಲೆನ್ಸ್ ಶೀಟ್‌ನಲ್ಲಿ ಸಾಲದ ಕಡೆಗೇ ಹೋಗುತ್ತದೆ. ಲಿಮಿಟ್ ಬರೆಯುವ ಜಾಗವೂ ಅಲ್ಲೇ ಸಿಗುತ್ತದೆ.

ಖಾತೆದಾರರ ಹೆಸರು ಚೆಕ್ ಬುಕ್ಕಿನಲ್ಲಿ ಇದ್ದ ಹಾಗೇ ಇರಲಿ. ಐಎಫ್‌ಎಸ್‌ಸಿಯಲ್ಲಿ ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಯದು. ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷ್ ‘ಓ’ ಒತ್ತಿದರೆ ಪ್ರಿಂಟ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಪಾರ್ಟಿಯವರು ನೆಟ್ ಬ್ಯಾಂಕಿಂಗ್‌ನಲ್ಲಿ ಹಾಕಿದಾಗ ತಗೊಳ್ಳುವುದಿಲ್ಲ, ಆಗ ಫೋನ್ ಬರುತ್ತದೆ. ಬಿಲ್ಲಿನಲ್ಲಿ ಹೊಸ ಬ್ಯಾಂಕ್ ಬರಲು ಸೇಲ್ಸ್ ವೋಚರ್ ಟೈಪ್ (ಸೇಲ್ಸ್ ಬಿಲ್ಲಿನ ಸೆಟ್ಟಿಂಗ್) ಆಲ್ಟರ್ ಮಾಡಿ, ಡಿಫಾಲ್ಟ್ ಬ್ಯಾಂಕ್ ಬದಲಾಯಿಸಿ. ಟ್ಯಾಲಿಯಲ್ಲಿ ಇಷ್ಟೇ ಕೆಲಸ.

ಪಾರ್ಟಿಗಳ ಕಡೆಯ ಕೆಲಸಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳಿ. ದೊಡ್ಡ ಕಂಪನಿಯವರು ಬಿಲ್ಲಿನ ಕೆಳಗೆ ಏನಿದೆ ಅಂತ ನೋಡುವುದೇ ಇಲ್ಲ. ಅವರ ಸಪ್ಲೈಯರ್ ಪಟ್ಟಿಯಲ್ಲಿ, ಅಂದರೆ ವೆಂಡರ್ ಮಾಸ್ಟರ್‌ನಲ್ಲಿ ಯಾವ ಖಾತೆ ಇದೆಯೋ ಅದಕ್ಕೇ ದುಡ್ಡು. ಅದನ್ನು ಬದಲಾಯಿಸಲು ಲೆಟರ್‌ಹೆಡ್ ಮೇಲೆ ಪತ್ರ, ಸಹಿ, ಸೀಲು, ಹೊಸ ಖಾತೆಯ ಕ್ಯಾನ್ಸಲ್ ಚೆಕ್ ಕೇಳುತ್ತಾರೆ. ಕೇಳಲೇಬೇಕು ಕೂಡ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಸುಳ್ಳು ಮೇಲ್ ಕಳಿಸಿ ದುಡ್ಡು ಹೊಡೆಯುವವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಮೇಲ್ ಕಳಿಸುವ ಮೊದಲೇ ನೀವೇ ಫೋನ್ ಮಾಡಿ ಹೇಳಿ. ಮೇಲ್ ತಲುಪಿದ ಮೇಲೆ, ಅವರ ಹತ್ತಿರ ಮೊದಲಿಂದ ಇರುವ ನಿಮ್ಮ ನಂಬರಿಗೇ ತಿರುಗಿ ಕರೆ ಮಾಡಿ ಖಾತ್ರಿ ಮಾಡಿಕೊಳ್ಳಲಿ.

ನೆಫ್ಟ್‌ನಲ್ಲಿ ದುಡ್ಡು ಜಮಾ ಆಗುವುದು ಖಾತೆ ನಂಬರಿನ ಮೇಲೆ. ಒಂದು ಅಂಕಿ ತಪ್ಪಿ ಅದು ಬೇರೆಯವರ ಖಾತೆ ಆಗಿದ್ದರೆ ವಾಪಸ್ ತರಿಸುವುದು ಸುಲಭ ಅಲ್ಲ. ಕಳಿಸುವ ಮೊದಲು ಖಾತೆದಾರರ ಹೆಸರು ನೋಡುವ ಸೌಲಭ್ಯ ಕೊಡಿ ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 1ರ ಗಡುವು ಇಟ್ಟಿತ್ತು. ಪಾರ್ಟಿಗಳಿಗೆ ಅದನ್ನು ಬಳಸಲು ಹೇಳಿ. ಮೊದಲು ಒಂದು ರೂಪಾಯಿ ಹಾಕಿಸಿ ನೋಡಿದರೆ ಇನ್ನೂ ಒಳ್ಳೆಯದು.

ಹಾಂ, ಖಾತೆ ನಂಬರನ್ನು ಎಕ್ಸೆಲ್‌ನಲ್ಲಿ ಸುಮ್ನೆ ಟೈಪ್ ಮಾಡಿ ಕಳಿಸಬೇಡಿ. ಎಕ್ಸೆಲ್ 15 ಅಂಕಿವರೆಗೆ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಆದರೆ ಕೊನೆಯದು ಸೊನ್ನೆ ಆಗಿಬಿಡುತ್ತದೆ. ನಂಬರ್ ಸೊನ್ನೆಯಿಂದ ಶುರುವಾದರೆ ಆ ಸೊನ್ನೆ ಹಾರಿಹೋಗುತ್ತದೆ. ಮೊದಲು ಸೆಲ್ಲನ್ನು ಟೆಕ್ಸ್ಟ್ ಮಾಡಿ, ಆಮೇಲೆ ನಂಬರ್ ಹಾಕಿ.

ಕುಡ್ಲದ ಆಡಿಟ್ ಹುಡುಗ:

ಹಳೆ ಖಾತೆ ಯಾವಾಗ ಕ್ಲೋಸ್ ಮಾಡ್ತಾರೆ ಅಂತ ಬ್ಯಾಂಕಿನಲ್ಲಿ ಇವತ್ತೇ ಕೇಳಿ. ಕ್ಲೋಸ್ ಆದ ಖಾತೆಗೆ ನೆಫ್ಟ್ ಬಂದರೆ ದುಡ್ಡು ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಪಾರ್ಟಿಯವರು ಅದನ್ನು ಗಮನಿಸದಿದ್ದರೆ ಅವರ ಪುಸ್ತಕದಲ್ಲಿ ನಿಮ್ಮ ಬಿಲ್ ಚುಕ್ತಾ, ನಿಮ್ಮಲ್ಲಿ ಬಾಕಿ. ಅಂಥ ಕಡೆ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಕೇಳಿ, ಎಲ್ಲಿ ಹೋಗಿದೆ ಅಂತ ಗೊತ್ತಾಗುತ್ತದೆ. ಚೆಕ್ ಕೊಡುವ ಪಾರ್ಟಿಗಳ ತಲೆಬಿಸಿ ಬೇಡ. ಚೆಕ್ ನಿಮ್ಮ ಫರ್ಮ್ ಹೆಸರಿಗೆ ಇರುತ್ತದಲ್ವಾ, ಹೊಸ ಖಾತೆಗೇ ಹಾಕಬಹುದು.

ನಮ್ಮ ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಇಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಸಿಂಡಿಕೇಟ್‌ನ ಹಳೆ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಿಂತೇಹೋಯಿತು. ಮೊದಲೇ ಪಾರ್ಟಿಗಳಿಗೆಲ್ಲ ಪತ್ರ ಹಾಕಿದ್ದ ಅಂಗಡಿಗಳಲ್ಲಿ ಆಗ ವಸೂಲಿ ನಿಲ್ಲಲಿಲ್ಲ, ನಾನೇ ನೋಡಿದ್ದೇನೆ.

ಉದ್ಯಮಬಾಗ್ ಅಕೌಂಟ್ಸ್:

ತುಂಬಾ ಉಪಕಾರವಾಯಿತು. ಹೊಸ ಲೆಡ್ಜರ್ ಮಾಡಿದೆ, ಬಿಲ್ ಪ್ರಿಂಟ್ ಸರಿ ಬಂತು. ಪುಣೆಯವರಿಗೆ ಮೊದಲು ಫೋನ್ ಮಾಡುತ್ತೇನೆ. ನಮ್ಮದು ಪಾರ್ಟ್‌ನರ್‌ಶಿಪ್ ಫರ್ಮ್. ಪತ್ರಕ್ಕೆ ಒಬ್ಬರ ಸಹಿ ಸಾಕಾ?

ಪೀಣ್ಯ ಲೆಕ್ಕ:

ಇಬ್ಬರದೂ ಹಾಕಿಸಿಬಿಡಿ, ಮತ್ತೆ ವಾಪಸ್ ಕಳಿಸುವ ಗೋಜು ಬೇಡ. ಪತ್ರದಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಮತ್ತು ಅವರು ಕೊಟ್ಟಿರುವ ವೆಂಡರ್ ಕೋಡ್ ಬರೆಯಿರಿ. ಜಿಎಸ್‌ಟಿ ಪೋರ್ಟಲ್‌ನಲ್ಲೂ ಹೊಸ ಖಾತೆ ಸೇರಿಸಿ. ಅದು ನಾನ್ ಕೋರ್ ತಿದ್ದುಪಡಿ, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ.