ಓಎಸ್ ಲೈಸೆನ್ಸು ಹೊಸ ಪಿಸಿಗೆ ‘ಟ್ರಾನ್ಸ್‌ಫರ್’ ಆಗುವುದಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ರಾಯಚೂರಿನಲ್ಲಿ ಪಿಸಿ ಜೋಡಿಸಿ ಕೊಡುವುದು, ರಿಪೇರಿ ಮಾಡುವುದು ನನ್ನ ಕೆಲಸ. ಹೊಸ ಪಿಸಿ ಒಯ್ಯುವವರ ಕೈಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಹಳೆ ಪಿಸಿಯ ಓಎಸ್, ಅಂದರೆ ಪಿಸಿಯನ್ನು ನಡೆಸುವ ವಿಂಡೋಸ್, ಅದರ ಲೈಸೆನ್ಸನ್ನು ಹೊಸದಕ್ಕೆ ಒಯ್ಯಬಹುದಾ, ಒಯ್ಯುವುದಾದರೆ ಹೇಗೆ, ಅಷ್ಟೇ ವಿಷಯ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಈಗ ಇದರ ಅಗತ್ಯ ಜಾಸ್ತಿಯಾಗಿದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಟಿಪಿಎಂ 2.0 ಅನ್ನುವ, ಬೋರ್ಡಿನಲ್ಲೋ ಪ್ರೊಸೆಸರಿನಲ್ಲೋ ಇರುವ ಭದ್ರತಾ ವ್ಯವಸ್ಥೆ ಬೇಕು. ಗಂಜಿನ ಅಡತ್ ಅಂಗಡಿಗಳಲ್ಲಿ, ಡಿಟಿಪಿ ಸೆಂಟರುಗಳಲ್ಲಿ ವರ್ಷಗಟ್ಟಲೆ ಓಡಿದ ಪಿಸಿಗಳಲ್ಲಿ ಅದು ಎಲ್ಲಿಂದ ಬರಬೇಕು? ಹಾಗಾಗಿ ಹೊಸ ಬೋರ್ಡು, ಹೊಸ ಪ್ರೊಸೆಸರ್ ಹಾಕಿಸುತ್ತಾರೆ. ಹಾಕಿಸಿ, ‘ಹಳೇದರ ಕೀ ಇದಕ್ಕೇ ಹಾಕಿ ಕೊಡ್ರಿ’ ಅನ್ನುತ್ತಾರೆ. 10ರ ಕೀ 11ಕ್ಕೂ ನಡೆಯುತ್ತದೆ, ಅದು ನಿಜ. ಆದರೆ ಎಲ್ಲ ಕೀಯೂ ಹೊಸ ಯಂತ್ರಕ್ಕೆ ಬರುವುದಿಲ್ಲ.

ಕೀ ಅಂದರೆ ಐದೈದರ ಐದು ಗುಂಪಿನಲ್ಲಿ ಬರೆದ 25 ಅಕ್ಷರ ಮತ್ತು ಅಂಕಿ. ಲೈಸೆನ್ಸ್ ಅಂದರೆ ಒಂದು ಯಂತ್ರದಲ್ಲಿ ಬಳಸಲು ಕೊಟ್ಟ ಒಪ್ಪಿಗೆ. ಇವೆರಡನ್ನೂ ಜನ ಒಂದೇ ಅಂದುಕೊಂಡಿದ್ದಾರೆ. ಹಾಳೆಯಲ್ಲಿ ಎರಡನ್ನೂ ಬೇರೆ ಬೇರೆ ಹೇಳಲೇಬೇಕು. ‘ಪರವಾನಗಿ’ ಒಳ್ಳೆಯ ಪದವೇ. ಪಾರಸಿ ಮೂಲದ್ದು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಸೀಮೆಗೆ ಇಂಥ ಪದ ಹೊಸದಲ್ಲ. ಆದರೂ ಬಂದವರೆಲ್ಲ ಲೈಸೆನ್ಸ್ ಅಂತಲೇ ಕೇಳುತ್ತಾರೆ, ಅದನ್ನೇ ಇಟ್ಟುಕೊಂಡಿದ್ದೇನೆ.

ನಿಜವಾದ ತೊಡಕು ಲೈಸೆನ್ಸಿನ ಎರಡು ಬಗೆಗಳದ್ದು. ರೀಟೇಲ್ ಅಂದರೆ ಬೇರೆಯಾಗಿ ದುಡ್ಡು ಕೊಟ್ಟು ಕೊಂಡದ್ದು. ಅದನ್ನು ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಒಯ್ಯಬಹುದು. ಓಇಎಂ ಅಂದರೆ ಪಿಸಿಯ ಜೊತೆಗೇ ಬಂದದ್ದು. ಅದು ಆ ಯಂತ್ರದ್ದೇ. ಮದರ್‌ಬೋರ್ಡ್ ಬದಲಾಯಿತು ಅಂದರೆ ಲೈಸೆನ್ಸಿನ ಲೆಕ್ಕದಲ್ಲಿ ಅದು ಹೊಸ ಯಂತ್ರ. ವಿಂಡೋಸ್ 8ರ ಕಾಲದಿಂದ ಕಂಪನಿ ಪಿಸಿಗಳ ಕೀ ಬೋರ್ಡಿನ ಚಿಪ್ಪಿನೊಳಗೇ ಇರುತ್ತದೆ. ಹಿಂದಿನ ಹಾಗೆ ಕ್ಯಾಬಿನೆಟ್ಟಿನ ಬೆನ್ನಿಗೆ ಚೀಟಿ ಹುಡುಕಿದರೆ ಸಿಗುವುದಿಲ್ಲ.

ರೀಟೇಲ್‌ಗೆ ನಿಘಂಟು ನೋಡಿದರೆ ‘ಚಿಲ್ಲರೆ’ ಅನ್ನುತ್ತದೆ. ‘ಚಿಲ್ಲರೆ ಲೈಸೆನ್ಸ್’ ಅಂತ ಬರೆದರೆ ಯಾವುದೋ ಸಣ್ಣಪುಟ್ಟದ್ದು, ಕಡಿಮೆ ದರ್ಜೆಯದ್ದು ಅನ್ನಿಸುತ್ತದೆ. ಇಲ್ಲಿ ಹೆಚ್ಚು ಬೆಲೆಯದು, ಹೆಚ್ಚು ಹಕ್ಕಿನದು ಅದೇ ಅಲ್ವಾ? ನನಗೆ ‘ಬಿಡಿ ಲೈಸೆನ್ಸ್’ ಹಿಡಿಸಿದೆ. ಬಿಡಿಯಾಗಿ ಮಾರಿದ್ದು ಅನ್ನುವುದೂ ಬಂತು, ಯಂತ್ರಕ್ಕೆ ಅಂಟಿಕೊಂಡಿಲ್ಲ ಅನ್ನುವುದೂ ಬಂತು. ಓಇಎಂಗೆ ಮಾತ್ರ ಅಷ್ಟು ಚೆನ್ನಾಗಿ ಕೂಡುವ ಪದ ಹೊಳೆದಿಲ್ಲ. ಸದ್ಯಕ್ಕೆ ‘ಯಂತ್ರದ ಲೈಸೆನ್ಸ್’ ಅಂತ ಬರೆದಿದ್ದೇನೆ.

ಯಾವ ಬಗೆ ಅಂತ ತಿಳಿಯುವುದು ಸುಲಭ. ಹಳೆ ಪಿಸಿ ಇನ್ನೂ ಚಾಲೂ ಇರುವಾಗಲೇ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ತೆಗೆದು ಎಸ್‌ಎಲ್‌ಎಂಜಿಆರ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆ ಗೆರೆ (/) ಹಾಕಿ ಡಿಎಲ್‌ಐ ಸೇರಿಸಿ ಎಂಟರ್ ಒತ್ತಿದರೆ ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ರೀಟೇಲ್ ಚಾನೆಲ್ ಅಂತಲೋ ಓಇಎಂ ಅಂತಲೋ ಇರುತ್ತದೆ. ಆದರೆ 7 ಅಥವಾ 8ರಿಂದ ಪುಕ್ಕಟೆಯಾಗಿ 10ಕ್ಕೆ ಏರಿಸಿದ ಯಂತ್ರವಾದರೆ ಈ ಕಿಟಕಿಯನ್ನಷ್ಟೇ ನಂಬಬೇಡಿ. ರೀಟೇಲ್ ಅಂತ ತೋರಿಸಿದರೂ ಮೂಲದಲ್ಲಿ ಓಇಎಂ ಇದ್ದದ್ದು ಓಇಎಂ ಆಗಿಯೇ ಉಳಿಯುತ್ತದೆ.

ಇನ್ನು ‘ಟ್ರಾನ್ಸ್‌ಫರ್’. ಕಂಪ್ಯೂಟರಿನ ಮಟ್ಟಿಗೆ ಇದು ದಾರಿ ತಪ್ಪಿಸುತ್ತದೆ. ಫೋಟೋ ಟ್ರಾನ್ಸ್‌ಫರ್ ಮಾಡಿದರೆ ಫೋನಿನಲ್ಲೂ ಇರುತ್ತದೆ, ಪಿಸಿಯಲ್ಲೂ ಇರುತ್ತದೆ. ಲೈಸೆನ್ಸೂ ಹಾಗೇ ಎರಡು ಕಡೆ ನಡೆಯುತ್ತದೆ ಅಂತ ಜನ ತಿಳಿಯುತ್ತಾರೆ. ನಡೆಯುವುದಿಲ್ಲ. ಹೊಸದರಲ್ಲಿ ಬಳಸಬೇಕಾದರೆ ಹಳೆಯದರಿಂದ ತೆಗೆಯಬೇಕು.

ಒಬ್ಬ ಗೆಳೆಯರು ‘ಖಾತೆ ಬದಲಾವಣೆ’ ಅನ್ನಿ, ಎಲ್ಲರಿಗೂ ತಿಳಿಯುತ್ತದೆ ಅಂದರು. ನಾನು ಒಪ್ಪಲಿಲ್ಲ. ಹೊಲದ ಖಾತೆ ಬದಲಾದರೆ ಹೊಲ ಅಲ್ಲೇ ಇರುತ್ತದೆ, ಒಡೆಯ ಬೇರೆಯಾಗುತ್ತಾನೆ. ಇಲ್ಲಿ ಒಡೆಯ ಅವನೇ, ಯಂತ್ರ ಬೇರೆ. ‘ಹಸ್ತಾಂತರ’ಕ್ಕೂ ಇದೇ ತಕರಾರು, ಕೈ ಬದಲಾಗಿಲ್ಲವಲ್ಲ.

ನನ್ನ ಒಲವು ‘ವರ್ಗ ಮಾಡುವುದು’ ಅನ್ನುವುದರ ಕಡೆಗೆ. ‘ಮಾಸ್ತರಿಗೆ ಮಾನ್ವಿಗೆ ವರ್ಗ ಆತು’ ಅಂದರೆ ಇಲ್ಲಿಯ ಶಾಲೆಯಲ್ಲಿ ಅವರಿಲ್ಲ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬ್ಯಾಂಕಿನ ಹಣ ವರ್ಗಾವಣೆಯೂ ಹಾಗೇ, ಒಂದು ಕಡೆ ಕಳೆದರೇ ಇನ್ನೊಂದು ಕಡೆ ಕೂಡುವುದು. ಲೈಸೆನ್ಸಿಗೆ ಬೇಕಾದ ಅರ್ಥ ಸರಿಯಾಗಿ ಇದೇ.

ಹೊಸ ಯಂತ್ರದಲ್ಲಿ ಲೈಸೆನ್ಸನ್ನು ಚಾಲೂ ಮಾಡಿಕೊಳ್ಳುವುದಕ್ಕೆ ‘ಸಕ್ರಿಯಗೊಳಿಸಿ’ ಅನ್ನುವ ಪದ ಫೋನುಗಳಲ್ಲಿ ಬಳಕೆಗೆ ಬಂದಿದೆ, ಆದರೆ ಅಂಗಡಿಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ‘ಆಕ್ಟಿವೇಟ್’ ಅಂತಲೇ ಬರೆಯುತ್ತೇನೆ. 2016ರಿಂದ ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಸೇರಿಸಿಡುವ ಸೌಲಭ್ಯ ಇದೆ. ಹಳೆ ಪಿಸಿ ಬಿಚ್ಚುವ ಮೊದಲೇ ಅದನ್ನು ಮಾಡಿಕೊಳ್ಳಿ ಅಂತ ಹಾಳೆಯ ಮೇಲ್ಗಡೆಯೇ ದಪ್ಪಕ್ಷರದಲ್ಲಿ ಹಾಕುತ್ತೇನೆ. ಬೋರ್ಡು ಸುಟ್ಟ ಮೇಲೆ ಬಂದವರಿಗೆ ಈ ಮಾತು ಹೇಳಿ ಏನೂ ಉಪಯೋಗವಿಲ್ಲ.

ಕೊನೆಗೆ ಕೇಳುವುದು ಎರಡು. ಹಳೆ ಯಂತ್ರದಿಂದ ಕೀ ತೆಗೆಯುವುದಕ್ಕೆ ನಾನು ‘ಬಿಡಿಸುವುದು’ ಅಂತ ಬರೆದಿದ್ದೇನೆ, ಒತ್ತಿ ಇಟ್ಟದ್ದನ್ನು ಬಿಡಿಸುತ್ತೇವಲ್ಲ, ಆ ಅರ್ಥದಲ್ಲಿ. ಇದು ಓದಿದ ಕೂಡಲೇ ತಿಳಿಯುತ್ತದಾ, ಅಥವಾ ಸುಮ್ನೆ ‘ತೆಗೆಯುವುದು’ ಸಾಕಾ? ಮತ್ತೆ, ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆ ಇದೇ ಕೆಲಸದಲ್ಲಿರುವವರು ಓಇಎಂ ಲೈಸೆನ್ಸಿಗೆ ಗಿರಾಕಿಗಳ ಮುಂದೆ ಏನನ್ನುತ್ತೀರಿ?