ಪೇಪರ್ ಓಪನ್ ಆಗ್ತಿಲ್ಲ, ದುಡ್ಡು ಕೇಳ್ತದೆ. ಅರ್ಜೆಂಟ್

ತೋಟದಮನೆ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಪೇಪರ್ ಒತ್ತಿದ್ರೆ ಅರ್ಧ ಪುಟ ತೋರ್ಸಿ ಕೆಳಗೆ ಬೀಗದ ಚಿತ್ರ, 39 ಡಾಲರ್ ಕಟ್ಟಿ ಅಂತದೆ. ಇದೆಲ್ಲ ಈಗ ಫ್ರೀ ಅಲ್ವಾ? ಬ್ರೌಸರ್ ಬದಲಾಯ್ಸಿದೆ, ಮೊಬೈಲಲ್ಲೂ ನೋಡ್ದೆ. ಹಾಗೇ.

ಬಿಸಿಲುಕುದುರೆ: ಇ-ಪೇಪರೆಲ್ಲ ಈಗ ದುಡ್ಡೇ ಸ್ವಾಮಿ. ಅಂಗಡೀಲಿ ತಗೊಂಡು ಓದಿ.

ಕೇಬಲ್ ಕಿಟ್ಟಿ: ಡಾಲರ್ ಬರ್ತಿದೆ ಅಂದ್ರೆ ನಿಮ್ಮ ಐಪಿ, ಅಂದ್ರೆ ನೆಟ್ ವಿಳಾಸ, ಫಾರಿನ್ನಿಂದು ಅಂತ ತಿಳ್ಕೊಂಡಿದೆ. ಸೈಟಿನ ಹೆಸರಿಂದ ಅದರ ವಿಳಾಸ ಹುಡುಕೋ ಡಿಎನ್‌ಎಸ್ ಇದೆಯಲ್ಲ, ಅದಕ್ಕೆ 8.8.8.8 ಹಾಕಿ, ರೂಟರ್ ಆಫ್ ಮಾಡಿ ಆನ್ ಮಾಡಿ.

ತೋಟದಮನೆ: ಮಾಡ್ದೆ, ಆಗ್ಲಿಲ್ಲ. ನ್ಯೂಸ್‌ಪೇಪರ್ ಅಲ್ಲ ಮಾರಾಯ್ರೆ, ಸಂಶೋಧನೆ ಪೇಪರ್. ಅಡಿಕೆ ಎಲೆಚುಕ್ಕಿ ರೋಗದ್ದು. ನಮ್ಮ ತೋಟದಲ್ಲಿ ಸೋಗೆ ತುಂಬ ಕಂದು ಚುಕ್ಕಿ, ಸುತ್ತ ಹಳದಿ ಬಳೆ. ಬರೆದವ್ರು ಐಸಿಎಆರ್, ಅಂದ್ರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ವಿಜ್ಞಾನಿಗಳೇ. ಸಂಬಳ ನಮ್ಮ ತೆರಿಗೆದು, ಓದಕ್ಕೆ ಡಾಲರ್ ಕೊಡ್ಬೇಕಾ?

ಕೇಬಲ್ ಕಿಟ್ಟಿ: ಹಾಗಾದ್ರೆ ಐಪಿವಿ6, ಹೊಸ ನಮೂನೆ ನೆಟ್ ವಿಳಾಸ. ಅದನ್ನ ಆಫ್ ಮಾಡಿ, ನೂರಕ್ಕೆ ನೂರು ಅದೇ.

ಮಲೆನಾಡ್ ಫೈಬರ್: ನಮ್ಮನೇಲಿ ಎರಡು ಲೈನು, ಮೈಕ್ರೋಟಿಕ್ ರೂಟರು, 150 ಎಎಚ್ ಬ್ಯಾಟರಿ. ಈ ಮಳೆಗಾಲದಲ್ಲಿ ಒಂದ್ಸಲಾನೂ ಕಟ್ ಆಗಿಲ್ಲ.

ಬಿಸಿಲುಕುದುರೆ: ಸಿಡಿಲಿಗೆ ಏನ್ ಮಾಡಿದೀರಿ? ಅರ್ಥಿಂಗ್?

ಲೈಬ್ರರಿ ಅಕ್ಕ: ರೂಟರ್ ಬಿಡಿ ಕಿಟ್ಟಿ. ತೋಟದಮನೆಯವರೇ, ಯಾವ ಲಾಗಿನ್ನಿಂದ ನೋಡ್ತಿದೀರಿ?

ತೋಟದಮನೆ: ಮಗನ ಕಾಲೇಜಿಂದು. ಹೇಳಿದ್ನಲ್ಲ. ಪ್ರೈವೇಟ್ ಇಂಜಿನಿಯರಿಂಗ್.

ಲೈಬ್ರರಿ ಅಕ್ಕ: ಎಲ್ಲಿ ಹೇಳಿದ್ರಿ! ಅಲ್ಲೇ ಇರೋದು ತೊಡಕು. ನೀವು ಫ್ರೀ ಅಂತ ಓದಿರೋದು ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’, ಸಂಶೋಧನಾ ಜರ್ನಲ್‌ಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟೋ ಯೋಜನೆ. 2024ರ ನವೆಂಬರಲ್ಲಿ ಸಂಪುಟ ಒಪ್ಪಿದ್ದು, ಮೂರು ವರ್ಷಕ್ಕೆ 6,000 ಕೋಟಿ, 30 ಪ್ರಕಾಶಕರ ಹತ್ತಿರ ಹತ್ತಿರ 13,000 ಜರ್ನಲ್. ಆದ್ರೆ ಸರ್ಕಾರಿ ಕಾಲೇಜು, ವಿವಿ, ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಮಾತ್ರ. ಮನೇಲಿ ಕೂತ ನಾವು ನೀವು ಲೆಕ್ಕಕ್ಕಿಲ್ಲ.

ಬಿಸಿಲುಕುದುರೆ: ಪೇಪರೆಲ್ಲ ಕದ್ದು ಫ್ರೀ ಕೊಡೋ ಆ ಕಾಗೆ ಚಿತ್ರದ ಸೈಟಿದೆಯಲ್ಲ, ಸೈ-ಹಬ್?

ಲೈಬ್ರರಿ ಅಕ್ಕ: 2025ರಲ್ಲಿ ದಿಲ್ಲಿ ಹೈಕೋರ್ಟ್ ಅದನ್ನ ಬ್ಲಾಕ್ ಮಾಡ್ಸಿದೆ. ಇಲ್ಲಿ ಬೇಡ.

ಕೇಬಲ್ ಕಿಟ್ಟಿ: ಅದಕ್ಕೇ ನಾನು ಡಿಎನ್‌ಎಸ್ ಅಂದಿದ್ದು.

ಲೈಬ್ರರಿ ಅಕ್ಕ: ಕಿಟ್ಟಿ!! ತೋಟದಮನೆಯವರೇ, ಆ ಅರ್ಧ ಪುಟದಲ್ಲಿ ಲೇಖಕರ ಹೆಸರಿನ ಪಕ್ಕ ಸಣ್ಣ ಲಕೋಟೆ ಗುರುತು ಇದ್ರೆ ಒತ್ತಿ, ಇಮೇಲ್ ಸಿಗುತ್ತೆ. ‘ನಾನು ಬೆಳೆಗಾರ, ಪಿಡಿಎಫ್ ಕಳಿಸಿ’ ಅಂತ ಎರಡು ಸಾಲು ಬರೀರಿ. ಸುಮಾರು ಜನ ಖುಷಿಯಿಂದ್ಲೇ ಕಳಿಸ್ತಾರೆ. ಅಂತಿಮ ಹಸ್ತಪ್ರತಿನ ಎಲ್ಲರಿಗೂ ಸಿಗೋ ಕಡೆ ಇಡ್ಬೇಕು ಅಂತ ಐಸಿಎಆರ್ 2013ರಲ್ಲೇ ನೀತಿ ಮಾಡಿದೆ. ಅವರ ಆನ್‌ಲೈನ್ ಭಂಡಾರ ‘ಕೃಷಿಕೋಶ’ದಲ್ಲೂ ಹುಡುಕಿ, ಪ್ರಬಂಧಗಳೂ ಸಿಗ್ತವೆ.

ತೋಟದಮನೆ: ಕೃಷಿಕೋಶದಲ್ಲಿ ಆ ಪೇಪರ್ ಇಲ್ಲ, ಎಲೆಚುಕ್ಕಿ ಮೇಲೆ ಬೇರೆ ಥೀಸಿಸ್ ಒಂದು ಸಿಕ್ತು. ಇಳಿಸ್ತಾ ಇದೀನಿ, 40% ಆಗಿದೆ. ಮೇಲ್ ಹಾಕಿದೀನಿ.

ಕೇಬಲ್ ಕಿಟ್ಟಿ: 40ಕ್ಕೆ ನಿಂತ್ರೆ ಐಪಿವಿ6 ಆಫ್ ಮಾಡಿ ನೋಡಿ.

ಮಲೆನಾಡ್ ಫೈಬರ್: ಕುದುರೆಯವರೇ, ಅರ್ಥಿಂಗ್‌ಗೆ ಬಚ್ಚಲು ನೀರು ಹೋಗೋ ಕಡೆ ಗುಂಡಿ ತೆಗ್ದು ಇದ್ದಿಲು, ಉಪ್ಪು ತುಂಬಿದ್ದು. ಫೋಟೋ ಸಂಜೆ ಹಾಕ್ತೀನಿ.